‘ಸಂಸಾರಸ್ಥರಿಗೆ ಮಾತ್ರ’

ಬೆಂಗಳೂರಿನ ಉತ್ತರದ ಬಡಾವಣೆಗಳಲ್ಲಿ ಮನೆ ಹುಡುಕುತ್ತ ಸಂಜೆಯ ಹೊತ್ತು ಅಲೆದವರಿಗೆ ಗೇಟಿನ ಕಂಬಿಗೆ ದಾರದಿಂದ ಕಟ್ಟಿದ ರಟ್ಟಿನ ಚೂರುಗಳು ಹೊಸವಲ್ಲ. ‘ಮನೆ ಬಾಡಿಗೆಗೆ ಇದೆ’ ಎಂಬ ಮೊದಲ ಸಾಲಿನ ಕೆಳಗೆ ಅನೇಕ ಕಡೆ ಎರಡನೆಯ ಸಾಲೊಂದಿರುತ್ತದೆ: ‘ಸಂಸಾರಸ್ಥರಿಗೆ ಮಾತ್ರ’. ಈಚೆಗೆ ಅದು ‘ಫ್ಯಾಮಿಲಿಗೆ ಮಾತ್ರ’ ಎಂದಾಗಿದೆ. ಭಾಷೆ ಬದಲಾಯಿತೇ ಹೊರತು ಷರತ್ತು ಬದಲಾಗಲಿಲ್ಲ. ಯಲಹಂಕದ ಉಪನಗರದಲ್ಲಾಗಲಿ, ಹೆಬ್ಬಾಳದ ಸುತ್ತಲಾಗಲಿ, ಯಶವಂತಪುರದ ಮಾರುಕಟ್ಟೆಯ ಹಿಂದಣ ಓಣಿಗಳಲ್ಲಾಗಲಿ, ರವೀಂದ್ರನಾಥ ಠಾಗೋರರ ಹೆಸರನ್ನು ಎರಡು ಅಕ್ಷರಗಳಿಗೆ ಇಳಿಸಿಕೊಂಡಿರುವ ಆರ್. ಟಿ. ನಗರದಲ್ಲಾಗಲಿ, ಮನೆಯ ಯಜಮಾನರು ಮೊದಲು ವಿಚಾರಿಸುವುದು ಸಂಬಳವನ್ನಲ್ಲ, ಸಂಸಾರವನ್ನು.

ಸಂಸಾರವೆಂದರೆ ಒಬ್ಬ ಗಂಡಸು, ಒಬ್ಬ ಹೆಂಗಸು, ಆದರೆ ಮಕ್ಕಳು ಎಂಬುದು ಆ ರಟ್ಟಿನ ಅಭಿಪ್ರಾಯ. ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಕೂಡಿ ಒಲೆ ಹೂಡಿ ಹತ್ತು ವರ್ಷ ಬಾಳಿದ್ದರೆ ಅದಕ್ಕೆ ಏನೆನ್ನಬೇಕೆಂದು ನಮ್ಮ ಬೀದಿಗೆ ಗೊತ್ತಿಲ್ಲ. ಅಂಥವರು ಊರಿನ ಯಾವ ಭಾಗದಲ್ಲಿ ಮನೆ ಹಿಡಿದರೆ ನೆಮ್ಮದಿಯಾಗಿ ಇರಬಹುದು? ಈ ಪ್ರಶ್ನೆಯನ್ನು ಅವರು ತಮ್ಮತಮ್ಮಲ್ಲೇ ಪಿಸುಮಾತಿನಲ್ಲಿ ಕೇಳಿಕೊಳ್ಳುತ್ತಾರೆ. ನಮ್ಮ ಸಾಹಿತ್ಯ ಇದನ್ನು ಎಷ್ಟರಮಟ್ಟಿಗೆ ಕೇಳಿಸಿಕೊಂಡಿದೆ ಎಂಬುದು ಈ ಲೇಖನದ ವಿಷಯ.

ಮೊದಲಿಗೆ ಹೆಸರಿಸಬೇಕಾದ ಪುಸ್ತಕದ ಬಗ್ಗೆ ಭಿನ್ನಾಭಿಪ್ರಾಯವಿರಲಾರದು. ವಸುಧೇಂದ್ರರ ‘ಮೋಹನಸ್ವಾಮಿ’ ಎಂಬ ಕಥಾಸಂಕಲನ 2013ರಲ್ಲಿ ಹೊರಬಂತು. ಸಂಡೂರಿನಲ್ಲಿ ಹುಟ್ಟಿ, ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಸಾಫ್ಟ್‌ವೇರ್ ಉದ್ಯೋಗದಲ್ಲಿ ವರ್ಷಗಟ್ಟಲೆ ದುಡಿದ ಲೇಖಕರು ತಮ್ಮ ಬಾಳಿನ ಮಾತನ್ನೇ ಕಥೆಗಳ ಮೂಲಕ ಹೊರಗಿಟ್ಟರು. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ದೆಹಲಿ ಉಚ್ಚ ನ್ಯಾಯಾಲಯದ 2009ರ ತೀರ್ಪನ್ನು ತಳ್ಳಿಹಾಕಿ 377ನೆಯ ಕಲಮಿಗೆ ಮತ್ತೆ ಜೀವ ಕೊಟ್ಟಿತು. ಪುಸ್ತಕ ಬಂದ ವರ್ಷದಲ್ಲೇ ಅದರ ನಾಯಕನು ಕಾಯಿದೆಯ ಕಣ್ಣಿನಲ್ಲಿ ಮತ್ತೊಮ್ಮೆ ಅಪರಾಧಿಯಾದನು.

ಈ ಸಂಕಲನವನ್ನು ಹೊಗಳಿದವರು ಅದರ ಧೈರ್ಯವನ್ನು ಹೊಗಳಿದ್ದಾರೆ. ಧೈರ್ಯ ದೊಡ್ಡ ಗುಣವೇ. ಆದರೆ ಕೃತಿಯ ಬೆಲೆ ಕಟ್ಟುವಾಗ ಅದಷ್ಟೇ ಸಾಲದು. ನನ್ನ ಮಟ್ಟಿಗೆ ಇಲ್ಲಿ ಉಳಿದು ನಿಲ್ಲುವುದು ಮೋಹನಸ್ವಾಮಿ ಮತ್ತು ಕಾರ್ತಿಕರ ಕಥೆ. ಇಬ್ಬರೂ ಒಂದೇ ಮನೆಯಲ್ಲಿ ಬಾಳುತ್ತಿದ್ದವರು. ಒಂದು ದಿನ ಕಾರ್ತಿಕನಿಗೆ ಮದುವೆ ನಿಶ್ಚಯವಾಗುತ್ತದೆ. ಜಗಳವಿಲ್ಲ, ಪೊಲೀಸರಿಲ್ಲ, ಊರವರ ಕಲ್ಲಿಲ್ಲ, ಲಗ್ನಪತ್ರಿಕೆಯಷ್ಟೇ ಸಾಕಾಗುತ್ತದೆ. ಒಬ್ಬನಿಗೆ ಸಂಸಾರಸ್ಥನಾಗಲು ದಾರಿಯಿದೆ, ಇನ್ನೊಬ್ಬನಿಗಿಲ್ಲ. ವಸುಧೇಂದ್ರರು ಇದನ್ನು ಗೋಳುಕರೆಯದೆ ಹೇಳಿದ್ದಾರೆ. ಅಡಿಗೆ, ಊಟ, ಹಾಸಿಗೆ, ಫೋನಿನ ಮಾತು ಇವುಗಳ ನಡುವೆಯೇ ಒಂದು ಬಾಳು ಮುರಿಯುವುದನ್ನು ತೋರಿಸಿದ್ದಾರೆ. ಕೆಲವು ಕಥೆಗಳಲ್ಲಿ ಅವರು ತಿಳಿಯದ ಓದುಗನಿಗೆ ತಿಳಿಸಿಹೇಳುವ ಉಪಾಧ್ಯಾಯರ ದನಿ ಹಿಡಿಯುವುದುಂಟು. ಮೊದಲ ಸಲ ಬಾಯಿಬಿಡುವವನು ಸ್ವಲ್ಪ ಹೆಚ್ಚಾಗಿ ಮಾತಾಡಿದರೆ ಅದನ್ನು ದೊಡ್ಡದು ಮಾಡಬೇಕಾಗಿಲ್ಲ.

ಕಾರ್ತಿಕ್ ಮತ್ತು ಮೋಹನಸ್ವಾಮಿಯಂಥವರನ್ನು ಈ ಊರು ಅಷ್ಟು ವರ್ಷ ಸುಮ್ಮನೆ ಬಿಟ್ಟದ್ದು ಯಾವ ಔದಾರ್ಯದಿಂದ? ಇದಕ್ಕೆ ಉತ್ತರವಾಗಿ ಒಂದು ಪದವಿದೆ: ರೂಮ್‌ಮೇಟ್. ಪರಊರಿನಿಂದ ಕೆಲಸಕ್ಕೆ ಬಂದ ಇಬ್ಬರು ಹುಡುಗರು ಬಾಡಿಗೆ ಹಂಚಿಕೊಂಡು ಒಂದೇ ಕೋಣೆಯಲ್ಲಿ ಮಲಗಿದರೆ ಬೆಂಗಳೂರಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಒಬ್ಬ ಹುಡುಗ ಒಬ್ಬ ಹುಡುಗಿ ಮದುವೆಯಿಲ್ಲದೆ ಮನೆ ಕೇಳಿದರೆ ಬಾಗಿಲು ಮುಚ್ಚುವ ಯಜಮಾನರೇ ಇಬ್ಬರು ಗಂಡಸರಿಗೆ ನಿಶ್ಚಿಂತೆಯಿಂದ ಬೀಗದ ಕೈ ಕೊಡುತ್ತಾರೆ. ಇದು ನಮ್ಮ ಸಮಾಜದ ತಮಾಷೆಗಳಲ್ಲೊಂದು. ಆ ಪದ ಕೊಡೆಯಂತೆ ಕಾಯುತ್ತದೆ. ಆದರೆ ಅದಕ್ಕೊಂದು ವಯಸ್ಸಿದೆ. ಇಪ್ಪತ್ತೈದರಲ್ಲಿ ರೂಮ್‌ಮೇಟ್ ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಮೂವತ್ತೈದರಲ್ಲಿ ‘ಇನ್ನೂ ಮದುವೆಯಾಗಿಲ್ಲವೇ?’ ಎನ್ನುತ್ತಾರೆ, ನಲವತ್ತೈದರಲ್ಲಿ ಪ್ರಶ್ನೆಯನ್ನೇ ಕೇಳದೆ ಮನೆ ಇಲ್ಲವೆನ್ನುತ್ತಾರೆ. ಕೊಡೆ ತೂತಾದ ಮೇಲೆ ಎಲ್ಲಿ ನಿಲ್ಲುವುದು?

‘ಮೋಹನಸ್ವಾಮಿ’ ಈ ಪ್ರಶ್ನೆಯ ತನಕ ಬಂದು ಬೇರೊಂದು ದಿಕ್ಕಿಗೆ ಹೊರಳುತ್ತದೆ ಎಂಬುದು ಅದರ ಮೇಲೆ ನನಗಿರುವ ಆಕ್ಷೇಪಣೆ. ಸಂಕಲನದಲ್ಲಿ ನಾಯಕನು ಕಿಲಿಮಂಜಾರೋ ಪರ್ವತವನ್ನು ಏರುವ ಕಥೆಯಿದೆ. ಮನುಷ್ಯರ ಕಣ್ಣಿಲ್ಲದ ಎತ್ತರದಲ್ಲಿ ಅವನ ಮನಸ್ಸಿನ ಭಾರ ಇಳಿಯುತ್ತದೆ. ಬರಹ ಚೆನ್ನಾಗಿದೆ; ಆ ಹಿಮ, ಆ ಉಸಿರುಗಟ್ಟುವ ಏರು ಕಣ್ಣಿಗೆ ಕಟ್ಟುತ್ತವೆ. ಆದರೂ ಪುಸ್ತಕ ಮುಚ್ಚಿದ ಮೇಲೆ ನನಗೆ ಅನ್ನಿಸಿದ್ದಿಷ್ಟು: ಆಫ್ರಿಕಾದ ಶಿಖರದಿಂದ ಇಳಿದವನು ವಿಮಾನ ಹತ್ತಿ ದೇವನಹಳ್ಳಿಯಲ್ಲಿ ಇಳಿಯಬೇಕು, ಅಲ್ಲಿಂದ ಹೆಬ್ಬಾಳದ ಮೇಲುಸೇತುವೆ ದಾಟಿ ಯಾವುದೋ ಒಂದು ಬೀದಿಯ ಯಾವುದೋ ಒಂದು ಮನೆಯ ಮೆಟ್ಟಿಲು ಹತ್ತಬೇಕು. ಮೋಹನಸ್ವಾಮಿಯ ಮುಖ ನೆನಪಿನಲ್ಲಿ ಉಳಿಯುತ್ತದೆ. ಅವನ ಬೀದಿ ಉಳಿಯುವುದಿಲ್ಲ.

ಇದು ವಸುಧೇಂದ್ರರೊಬ್ಬರ ದೋಷವಲ್ಲ. ನವ್ಯರ ಕಾಲದಿಂದ ನಮ್ಮ ಕಥೆಗಾರರು ಊರಿನ ಒಂಟಿ ಗಂಡಸನ್ನು ಬಹಳ ಆಳವಾಗಿ ಬಲ್ಲರು. ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಯ ನಾಗಪ್ಪನನ್ನು ನೆನೆಯಿರಿ. ಮುಂಬಯಿಯಂಥ ಕಡಲ ನಗರದಲ್ಲಿ ಒಬ್ಬಂಟಿಯಾಗಿ, ಕಂಪೆನಿಯ ಒಳಸಂಚಿನ ಬಲೆಯಲ್ಲಿ ಸಿಕ್ಕು, ತನ್ನ ಅಂತರಂಗವನ್ನು ತಾನೇ ಬಗೆದು ನೋಡಿಕೊಳ್ಳುವ ಮನುಷ್ಯ. ಆ ತಲೆಮಾರಿಗೆ ಒಂಟಿತನ ಒಂದು ಆತ್ಮಶೋಧನೆಯ ಸ್ಥಿತಿ. ಬಾಡಿಗೆ ಕರಾರಿನ ಸಮಸ್ಯೆಯಲ್ಲ. ಮನೆಯನ್ನು ಕಥೆಯ ಬೆನ್ನೆಲುಬಾಗಿ ಮಾಡಿಕೊಂಡವರು ಇಲ್ಲವೆಂದಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದವರು ಇರುವೆ ಮುತ್ತುವ ಆ ಹಳೆಯ ಇಕ್ಕಟ್ಟು ಮನೆಯನ್ನೂ ಹಣ ಬಂದ ಮೇಲಿನ ಹೊಸ ಮನೆಯನ್ನೂ ಮರೆಯಲಾರರು. ಒಂದು ಕುಟುಂಬದ ನೀತಿ ಹೇಗೆ ಮೆಲ್ಲನೆ ಬಾಗುತ್ತದೆಂಬುದನ್ನು ಮನೆಯಿಂದ ಮನೆಗೆ ಸಾಗುವುದರಲ್ಲೇ ಅವರು ಕಾಣಿಸಿದ್ದಾರೆ. ಆದರೆ ಅದು ಸಂಸಾರಸ್ಥರ ಕಥೆ. ಗೇಟಿನ ಹೊರಗೆ ನಿಂತವನ ಕಥೆಗೆ ಅಂಥ ಕಣ್ಣು ಇನ್ನೂ ದೊರೆತಿಲ್ಲ.

ಪಕ್ಕದ ಮರಾಠಿಯಲ್ಲಿ ಸಚಿನ್ ಕುಂಡಲಕರ್ 2006ರಲ್ಲಿ ಬರೆದ ‘ಕೋಬಾಲ್ಟ್ ಬ್ಲೂ’ ಈ ದೃಷ್ಟಿಯಿಂದ ಗಮನಾರ್ಹ. ಪುಣೆಯ ಮಧ್ಯಮವರ್ಗದ ಮನೆಯೊಂದಕ್ಕೆ ಒಬ್ಬ ಬಾಡಿಗೆಯ ತರುಣ ಬರುತ್ತಾನೆ. ಆ ಮನೆಯ ಮಗನೂ ಮಗಳೂ ಅವನನ್ನೇ ಪ್ರೀತಿಸುತ್ತಾರೆ. ಬಾಡಿಗೆಗೆ ಕೊಟ್ಟ ಒಂದು ಕೋಣೆಯಿಂದ ಇಡೀ ಮನೆಯ ಶಿಸ್ತು ಅಲುಗುತ್ತದೆ. ಇದರಿಂದ ನಮ್ಮ ಯಜಮಾನರ ಭಯಕ್ಕೆ ಪುಷ್ಟಿ ಸಿಕ್ಕೀತೆಂದು ಯಾರಾದರೂ ಹೇಳಬಹುದು. ಕುಂಡಲಕರ್ ಬಲ್ಲರು: ಅಪಾಯ ಬಂದದ್ದು ಬಾಡಿಗೆಯವನಿಂದಲ್ಲ, ಮನೆಯ ಮಗನೂ ಅಂಥವನೇ ಎಂಬ ಸತ್ಯ ಹೊರಬಿದ್ದದ್ದರಿಂದ. ರಟ್ಟಿನ ಚೂರಿನ ಎರಡನೆಯ ಸಾಲು ತಡೆಯಲಾರದ್ದು ಇದನ್ನೇ.

ಇನ್ನು ಹೊರಜಗತ್ತಿನ ಮಾತು. ‘ಸಲಿಂಗಿಗಳಿಗೆ ಒಗ್ಗುವ ಬಡಾವಣೆ’ ಎಂದೊಡನೆ ಓದಿದವರಿಗೆ ಅಮೆರಿಕೆಯ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಕ್ಯಾಸ್ಟ್ರೋ ಬೀದಿ ನೆನಪಿಗೆ ಬರುತ್ತದೆ. ಐರಿಷ್ ಮೂಲದ ದುಡಿಯುವ ಜನ ತುಂಬಿದ್ದ ಕೇರಿ ಅದು. ಅವರು ಉಪನಗರಗಳಿಗೆ ಹೊರಟುಹೋದಾಗ ಹಳೆಯ ಮರದ ಮನೆಗಳು ಅಗ್ಗಕ್ಕೆ ಸಿಕ್ಕವು. ಬೇರೆಲ್ಲೂ ಬಾಗಿಲು ತೆರೆಯದವರು ಅಲ್ಲಿ ಬಂದು ನೆಲಸಿದರು. ಹಾರ್ವೆ ಮಿಲ್ಕ್ ಅಲ್ಲೊಂದು ಕ್ಯಾಮೆರಾ ಅಂಗಡಿಯಿಟ್ಟು, 1977ರಲ್ಲಿ ನಗರಸಭೆಗೆ ಆಯ್ಕೆಯಾಗಿ, ಮರುವರ್ಷವೇ ಗುಂಡೇಟಿಗೆ ಬಲಿಯಾದರು. ಕೇರಿಯ ಹೆಸರು ಬೆಳೆದಂತೆ ಬಾಡಿಗೆಯೂ ಬೆಳೆದು, ಹಣವಿಲ್ಲದ ತರುಣರಿಗೆ ಅದೇ ಕೇರಿ ಕೈಗೆಟುಕದಾಯಿತು. ಕೇರಿಗೆ ಉದಾರಬುದ್ಧಿ ಬಂದದ್ದು ಉಪದೇಶದಿಂದಲ್ಲ, ಖಾಲಿ ಮನೆಗಳಿಂದ.

ಸ್ವಾರಸ್ಯವೆಂದರೆ, ಆ ನಗರದ ಈ ಬಾಳನ್ನು ಕಥೆಯಾಗಿಸಿ ಪ್ರಸಿದ್ಧವಾದ ಕೃತಿ ಕ್ಯಾಸ್ಟ್ರೋ ಬೀದಿಯ ಮನೆಯಲ್ಲಿ ನಡೆಯುವುದಿಲ್ಲ. ಆರ್ಮಿಸ್ಟೆಡ್ ಮೋಪಿನ್ ‘ಟೇಲ್ಸ್ ಆಫ್ ದ ಸಿಟಿ’ಯನ್ನು 1976ರಿಂದ ಅಲ್ಲಿನ ದಿನಪತ್ರಿಕೆಯಲ್ಲೇ ಧಾರಾವಾಹಿಯಾಗಿ ಬರೆದರು, 1978ರಲ್ಲಿ ಅದು ಪುಸ್ತಕವಾಯಿತು. ಕಥೆಯ ಕೇಂದ್ರ ಬಾರ್ಬರಿ ಲೇನ್ ಎಂಬ ಕಲ್ಪಿತ ಓಣಿಯ 28ನೆಯ ನಂಬರಿನ ಮನೆ. ಅದಿರುವುದು ಊರಿನ ಬೇರೊಂದು ಗುಡ್ಡದ ಮೇಲೆ. ಮನೆಯೊಡತಿ ಶ್ರೀಮತಿ ಮ್ಯಾಡ್ರಿಗಲ್ ಬಾಡಿಗೆಗೆ ಬಂದವರ ಜಾತಕ ಕೇಳುವವಳಲ್ಲ. ಊರಿಗೆ ಹೊಸಬಳಾದ ಹುಡುಗಿ, ಪ್ರೇಮದಲ್ಲಿ ಮತ್ತೆ ಮತ್ತೆ ಎಡವುವ ಸಲಿಂಗಿ ತರುಣ, ಎಲ್ಲರೂ ಅಲ್ಲಿ ಒಂದೇ ಅಂಗಳದವರು. ಆ ಒಡತಿ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವವಳೆಂಬುದು ಮುಂದೆ ತಿಳಿಯುತ್ತದೆ. ಹೊರಗೆ ನಿಂತು ಬಾಗಿಲು ತಟ್ಟಿದ ಅನುಭವವುಳ್ಳವಳೇ ಬೀಗದ ಕೈ ಹಿಡಿದಿದ್ದಾಳೆ. ಕ್ಯಾಸ್ಟ್ರೋದಂಥ ಕೇರಿ ಊರಿನಲ್ಲಿದ್ದಾಗಲೂ ಮೋಪಿನ್ ತನ್ನ ಕಥೆಗೆ ಆರಿಸಿಕೊಂಡದ್ದು ಒಬ್ಬ ಮನೆಯೊಡತಿಯನ್ನು.

ಬೆಂಗಳೂರಿಗೆ ಮರಳೋಣ. ಇಲ್ಲಿ ಕ್ಯಾಸ್ಟ್ರೋ ಬೀದಿ ಇಲ್ಲ. 2008ರಿಂದೀಚೆಗೆ ಸ್ವಾಭಿಮಾನದ ಮೆರವಣಿಗೆ ನಡೆಯುತ್ತಿದೆ, ಅದೂ ನಗರದ ನಡುಭಾಗದಲ್ಲಿ. ಮೆರವಣಿಗೆ ಮುಗಿದ ಮೇಲೆ ಬಣ್ಣದ ಬಾವುಟ ಮಡಿಚಿ ಚೀಲದಲ್ಲಿಟ್ಟು ಎಲ್ಲರೂ ತಂತಮ್ಮ ಬಡಾವಣೆಗೆ ಹಿಂತಿರುಗಬೇಕು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಉತ್ತರ ಭಾಗದ ಚಹರೆಯೇ ಬೇರೆಯಾಯಿತು. ನಾಗವಾರದ ಬಳಿಯ ಮಾನ್ಯತಾ ಕಚೇರಿಗಳಿಗೆ ದೂರದೂರದ ಯುವಕರು ಬಂದರು. ದ್ರಾಕ್ಷಿತೋಟಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳೆದ್ದವು. ಲಿಫ್ಟಿನಲ್ಲಿ ಮುಖ ನೋಡಿಕೊಳ್ಳದ ಅಂಥ ಕಟ್ಟಡಗಳೇ ತಮಗೆ ವಾಸಿ ಎನ್ನುವವರಿದ್ದಾರೆ. ಅಲ್ಲಿ ಬಾಡಿಗೆ ದುಬಾರಿ, ನೆರೆಯ ಕುತೂಹಲ ಅಗ್ಗ. ಆದರೆ ಅಲ್ಲೂ ನಿವಾಸಿಗಳ ಸಂಘವಿದೆ, ಬ್ಯಾಚುಲರುಗಳ ಮೇಲೆ ನಿಯಮಗಳಿವೆ, ಗೇಟಿನಲ್ಲಿ ಹೆಸರು ಬರೆಸುವ ಪುಸ್ತಕವಿದೆ. ಹಳೆಯ ಯಲಹಂಕದ ವಠಾರದಲ್ಲಾದರೆ ಎಲ್ಲರಿಗೂ ಎಲ್ಲವೂ ಗೊತ್ತು. ಆದರೆ ಗೊತ್ತಿದ್ದೂ ಗೊತ್ತಿಲ್ಲದಂತಿರುವ ಒಂದು ಹಳೆಯ ವಿದ್ಯೆಯೂ ಅಲ್ಲಿದೆ. ಯಾವುದು ಮೇಲು? ಕೈಯಲ್ಲಿರುವ ಹಣ, ವಯಸ್ಸು, ಮುಚ್ಚಿಕೊಂಡಿರಬಲ್ಲ ಸಾಮರ್ಥ್ಯ ಇವುಗಳ ಮೇಲೆ ಉತ್ತರ ಬದಲಾಗುತ್ತದೆ.

ಮುಚ್ಚಿಕೊಳ್ಳಲಾರದವರ ಗತಿಯನ್ನು ಎ. ರೇವತಿಯವರ ಆತ್ಮಕಥೆಯಲ್ಲಿ ನೋಡಬೇಕು. ದು. ಸರಸ್ವತಿಯವರ ಕನ್ನಡದಲ್ಲಿ ಅದು ‘ಬದುಕು ಬಯಲು’ ಎಂದು ಬಂದಿದೆ, ರಂಗದ ಮೇಲೂ ಪ್ರಯೋಗಗೊಂಡಿದೆ. ತಮಿಳುನಾಡಿನ ನಾಮಕ್ಕಲ್ ಕಡೆಯ ಹಳ್ಳಿಯಲ್ಲಿ ಹುಡುಗನಾಗಿ ಹುಟ್ಟಿ, ಹೆಣ್ಣಾಗಿ ಬಾಳಲು ಮನೆ ಬಿಟ್ಟು, ದೆಹಲಿ ಮುಂಬಯಿಗಳನ್ನು ಕಂಡು, ಬೆಂಗಳೂರಿನ ಹಮಾಮಿಗೆ ಬಂದು ಸೇರುವ ಈ ಬಾಳುಗಥೆ ಒಂದು ರೀತಿಯಲ್ಲಿ ಮನೆಗಳ ಕಥೆಯೇ. ಹಮಾಮೆಂದರೆ ಹೆಸರಿಗೆ ಬಿಸಿನೀರಿನ ಸ್ನಾನದ ಮನೆ. ಒಳಗೆ ಗುರುವೂ ಚೇಲಾಗಳೂ ಕೂಡಿ ಬಾಳುವ ಒಂದು ಸಂಸಾರ. ಅಲ್ಲಿ ತಾಯಿ ಮಗಳು ಅಜ್ಜಿ ಎಂಬ ಸಂಬಂಧಗಳಿವೆ, ಕಟ್ಟುಕಟ್ಟಳೆಯಿದೆ, ದುಡಿಮೆಯ ಕ್ರೌರ್ಯವೂ ಇದೆ. ರೇವತಿ ಅದನ್ನು ಬೆಳ್ಳಗೆ ಬಳಿದು ತೋರಿಸಿಲ್ಲ. ತವರಿಗೆ ಮತ್ತೆ ಮತ್ತೆ ಹೋಗುವುದು, ಅಣ್ಣಂದಿರ ಏಟು ತಿಂದು ಮತ್ತೆ ಹೊರಬೀಳುವುದು, ಆಸ್ತಿಯ ಪಾಲಿನ ಮಾತು, ಇವೆಲ್ಲ ಇಲ್ಲಿ ವರದಿಯಷ್ಟು ಸರಳವಾಗಿ ಬರುತ್ತವೆ. ಕಲೆಗಾರಿಕೆಯಲ್ಲಿ ವಸುಧೇಂದ್ರರು ಮುಂದೆ. ಬೀದಿಯ ಹೆಸರು, ಬಾಗಿಲ ಅಗುಳಿ, ಮನೆ ಕೊಡುವವನ ಮುಖ ಇವುಗಳ ತಿಳಿವಳಿಕೆಯಲ್ಲಿ ರೇವತಿಯವರ ಕೈ ಮೇಲು.

ರೇವತಿಯವರ ಪುಟಗಳನ್ನು ಓದುವಾಗ ನೆನಪಿಡಬೇಕಾದ ಒಂದು ಸಂಗತಿ ನಮ್ಮ ಉತ್ತರದ ಬಡಾವಣೆಗಳಿಗೇ ಸೇರಿದ್ದು. 2008ರ ಕೊನೆಯಲ್ಲಿ ಹೆಬ್ಬಾಳದ ಬಳಿಯ ದಾಸರಹಳ್ಳಿಯಲ್ಲಿ, ಹಿಜ್ರಾಗಳಿಗೆ ಬಾಡಿಗೆಗೆ ಮನೆ ಕೊಟ್ಟವರಿಗೆ ಪೊಲೀಸರು ಅವರನ್ನು ಹೊರಗೆ ಹಾಕುವಂತೆ ಹೇಳಿದರೆಂದು ಮಾನವ ಹಕ್ಕುಗಳ ಸಂಘಟನೆಗಳು ಬಹಿರಂಗವಾಗಿ ದೂರಿದವು. ಮನೆ ಕೊಟ್ಟಿದ್ದವರು ಇದ್ದರು ಎಂಬುದನ್ನು ಇಲ್ಲಿ ಮರೆಯಬಾರದು. ಯಾವ ಧೈರ್ಯದಿಂದಲೋ, ಹೆಚ್ಚು ಬಾಡಿಗೆಯ ಆಸೆಯಿಂದಲೋ, ಬರಿಯ ಮನುಷ್ಯತ್ವದಿಂದಲೋ ಅವರು ಕೊಟ್ಟಿದ್ದರು. ಅವರಲ್ಲೊಬ್ಬರ ಕಥೆಯನ್ನು ಕನ್ನಡದಲ್ಲಿ ಬರೆಯಬಾರದೇ? ಠಾಣೆಯಿಂದ ಬಂದು ರಾತ್ರಿ ಊಟಕ್ಕೆ ಕುಳಿತು, ಮೇಲಿನ ಮಹಡಿಯ ಹೆಜ್ಜೆಸಪ್ಪಳ ಕೇಳುತ್ತ, ನಾಳೆ ಏನು ಹೇಳುವುದೆಂದು ಯೋಚಿಸುವ ಒಬ್ಬ ಯಜಮಾನಿಯ ಕಥೆ. ನಮ್ಮ ಬಾರ್ಬರಿ ಲೇನ್ ಅಲ್ಲೇ ಎಲ್ಲೋ ಇತ್ತು.

ಕಾಯಿದೆ ಆಮೇಲೆ ಕೆಲವು ಹೆಜ್ಜೆ ಮುಂದಕ್ಕೆ ಇಟ್ಟಿದೆ. 2017ರಲ್ಲಿ, ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು ಸಾರಿತು. 2018ರ ಸೆಪ್ಟೆಂಬರ್ 6ರಂದು, ಒಪ್ಪಿ ಕೂಡುವ ವಯಸ್ಕರ ಮಟ್ಟಿಗೆ 377ನೆಯ ಕಲಮು ಬಿತ್ತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕು ಮಾತ್ರ ದೊರೆಯಲಿಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗಾಗಿ 2019ರಲ್ಲಿ ಮಾಡಿದ ಕಾಯಿದೆ, ಮನೆ ಕೊಳ್ಳುವ, ಬಾಡಿಗೆಗೆ ಹಿಡಿಯುವ ವಿಷಯದಲ್ಲಿ ಅವರಿಗೆ ಭೇದ ಮಾಡಬಾರದೆಂದು ವಿಧಿಸಿತು. ಅದೇ ಗೇಟಿನ ಮುಂದೆ ನಿಂತ ಮೋಹನಸ್ವಾಮಿಗೆ ಹೀಗೆ ಮನೆಯ ಹೆಸರೆತ್ತಿ ಹೇಳುವ ಕಾಯಿದೆಯಿಲ್ಲ. ಅಪರಾಧಿಯಲ್ಲ ಎಂದಾಯಿತು, ಸಂಸಾರಸ್ಥ ಎಂದಾಗಲಿಲ್ಲ.

ಇಲ್ಲಿ ಪದದ ಬಗ್ಗೆ ಒಂದು ಮಾತು. ‘ಸಲಿಂಗಕಾಮಿ’ ಎಂಬ ಪದವನ್ನು ನಾವು ಪತ್ರಿಕೆಗಳಲ್ಲಿ ಧಾರಾಳವಾಗಿ ಬಳಸಿದ್ದೇವೆ. ಗಂಡಹೆಂಡಿರನ್ನು ಯಾರೂ ‘ವಿಲಿಂಗಕಾಮಿ’ಗಳೆಂದು ಕರೆದು ಮನೆ ತೋರಿಸುವುದಿಲ್ಲ. ಒಬ್ಬರನ್ನು ಹಾಸಿಗೆಯ ಹೆಸರಿನಿಂದ, ಇನ್ನೊಬ್ಬರನ್ನು ಒಲೆಯ ಹೆಸರಿನಿಂದ ಕರೆದರೆ ಬಾಡಿಗೆ ಯಾರಿಗೆ ಸಿಗುತ್ತದೆಂಬುದರಲ್ಲಿ ಆಶ್ಚರ್ಯವೇನಿದೆ? ಕಥೆಗಾರರು ಈ ಜನರ ಪ್ರೇಮವನ್ನೂ ದುಃಖವನ್ನೂ ಬರೆದಿದ್ದಾರೆ. ಅವರ ಹಾಲಿನ ಲೆಕ್ಕ, ಗ್ಯಾಸಿನ ಸಿಲಿಂಡರು, ಹಬ್ಬದ ದಿನ ಬಾಗಿಲಿಗೆ ಕಟ್ಟಿದ ಮಾವಿನೆಲೆ, ಕೆಳಮನೆಯ ಅಜ್ಜಿಗೆ ಒಬ್ಬನು ಔಷಧ ತಂದುಕೊಟ್ಟದ್ದು ಇವನ್ನೂ ಬರೆದರೆ ಪದ ತಾನಾಗಿ ಬದಲಾದೀತು.

ಇಷ್ಟೆಲ್ಲ ಬರೆಯಲು ನನಗೇನು ಅರ್ಹತೆಯೆಂದು ವಾಚಕರು ಕೇಳಬಹುದು. ಯಲಹಂಕದಲ್ಲಿ ನಮ್ಮದೂ ಒಂದು ಮಹಡಿ ಮನೆ. ಕೆಲವು ವರ್ಷಗಳ ಕೆಳಗೆ ಮೇಲಿನ ಭಾಗ ಖಾಲಿಯಾಗಿತ್ತು. ಒಂದು ಭಾನುವಾರ ನಲವತ್ತರ ಆಸುಪಾಸಿನ ಇಬ್ಬರು ಬಂದರು. ಒಬ್ಬರು ಬೋರ್‌ವೆಲ್ ನೀರೋ ಕಾವೇರಿ ನೀರೋ ಎಂದು ವಿಚಾರಿಸಿದರು. ಇನ್ನೊಬ್ಬರು ಅಡಿಗೆಮನೆಗೆ ಹೋಗಿ ಗ್ರೈಂಡರು ಇಡಲು ಕಟ್ಟೆ ಸಾಕೇ ಎಂದು ಗೇಣಿನಿಂದ ಅಳೆದರು. ಅಡ್ವಾನ್ಸು, ಹನ್ನೊಂದು ತಿಂಗಳ ಕರಾರು, ಎಲ್ಲಕ್ಕೂ ಒಪ್ಪಿದರು. ನಾನು ‘ಮನೆಯವರು ಯಾವಾಗ ಬರ್ತಾರಪ್ಪಾ?’ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ‘ನಾವಿಬ್ಬರೇ ಸಾರ್’ ಎಂದರು. ‘ಮನೇಲಿ ಒಂದು ಮಾತು ಕೇಳಿ ಫೋನ್ ಮಾಡ್ತೀನಿ’ ಎಂದು ನಂಬರು ಬರೆದುಕೊಂಡೆ. ಆಗ ನನ್ನ ಮೇಜಿನ ಮೇಲೆ ‘ಮೋಹನಸ್ವಾಮಿ’ ಇತ್ತು. ಅರ್ಧ ಓದಿಯೂ ಆಗಿತ್ತು.

ಫೋನು ಮಾಡಲಿಲ್ಲ. ಮನೆಯಲ್ಲಿ ಕೇಳಲೂ ಇಲ್ಲ. ಒಂದು ತಿಂಗಳು ಕಳೆದು ಸಂಸಾರಸ್ಥರೊಬ್ಬರು ಬಂದರು, ಅವರಿಗೆ ಕೊಟ್ಟೆವು. ಆ ಗ್ರೈಂಡರಿನ ಕಟ್ಟೆಯ ಮೇಲೆ ಈಗ ಅವರ ದೇವರ ಮಂಟಪವಿದೆ.